ನೌಕಾ ಬಂಡಾಯವನ್ನು ಸ್ಮರಿಸುವುದು ಹೇಗೆ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ, ಮುಲುಂಡ್‌ನಿಂದ: ಬರುವ ಫೆಬ್ರವರಿ 18ರಂದು ನಮ್ಮ ಕನ್ನಡ ಸಂಘದ ತರುಣರು 1946ರಲ್ಲಿ ಬ್ರಿಟಿಷರ ಕೈಕೆಳಗಿನ ನೌಕಾಪಡೆಯ ಭಾರತೀಯ ನಾವಿಕರು ಮುಂಬಯಿಯಲ್ಲಿ ಆರಂಭಿಸಿದ ನೌಕಾ ಬಂಡಾಯದ ಸ್ಮರಣೆಯನ್ನು ಏರ್ಪಡಿಸಿದ್ದಾರೆ. ಪ್ರತಿಯೊಂದು ಚಳವಳಿಯೂ ಆ ಇತಿಹಾಸವನ್ನು ತನ್ನದೆಂದೇ ಹೇಳಿಕೊಳ್ಳುತ್ತದೆ. ಇಂಥ ಕಾರ್ಯಕ್ರಮ ನಡೆಸಿದವರು ದಯವಿಟ್ಟು ಸಲಹೆ ನೀಡಿ.

ಡೊಂಬಿವಲಿಯಿಂದ: ಮಾನ್ಯರೇ, ಕೆಲವು ವರ್ಷಗಳ ಹಿಂದೆ ನಾವೂ ಇದನ್ನು ಮಾಡಿದಾಗ ಮೊದಲ ಹೆಜ್ಜೆಯಲ್ಲೇ ತಪ್ಪಿದೆವು. ವೇದಿಕೆಯ ಹಿಂದಿನ ಚಿತ್ರದಲ್ಲಿದ್ದ ಹಡಗಿಗೆ ಒಂದೇ ಬಾವುಟವಿತ್ತು. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದು, ಉಳಿದೆರಡು ಎಲ್ಲಿ ಎಂದು ಕೇಳಿದರು. ನಾವಿಕರು ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಪಕ್ಷ ಈ ಮೂರರ ಬಾವುಟಗಳನ್ನೂ ಏರಿಸಿದ್ದರು. ನಂತರ ಬಂದವರು ತಮಗೆ ಬೇಕಾದ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಇಳಿಸಿದರು. ಅಂದಿನಿಂದ ನಾವು ಭಾಷಣಗಳಿಗೆ ಮೊದಲು ನಾವಿಕರ ಬೇಡಿಕೆಗಳನ್ನೇ ಓದಿಸುತ್ತೇವೆ. ತಲ್ವಾರ್ ನೌಕಾನೆಲೆಯಲ್ಲಿ ಕೆಟ್ಟ ಊಟದಿಂದಲೂ ಅಧಿಕಾರಿಗಳ ಬೈಗುಳದಿಂದಲೂ ಹೊತ್ತಿಕೊಂಡ ಸಿಟ್ಟು, ಆಜಾದ್ ಹಿಂದ್ ಫೌಜಿನ ಬಂದಿಗಳ ಬಿಡುಗಡೆಯವರೆಗೆ, ಇಂಡೊನೇಷ್ಯಾದಿಂದ ಭಾರತೀಯ ಪಡೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬ ಒತ್ತಾಯದವರೆಗೆ ಹೇಗೆ ಬೆಳೆಯಿತೆಂಬುದು ಅದರಲ್ಲೇ ಕಾಣುತ್ತದೆ. ಬ್ರಿಟಿಷರು ಅದನ್ನು ದಂಗೆ ಎಂದರು, ನಾವು ಬಂಡಾಯ ಎನ್ನುತ್ತೇವೆ. ನಾವಿಕರಾದರೋ ತಮ್ಮ ಸಮಿತಿಯ ಹೆಸರಿನಲ್ಲಿ ಬಳಸಿದ ಪದ ಮುಷ್ಕರ. ಆ ಪದವನ್ನು ಮರೆತರೆ ಫೆಬ್ರವರಿ 22ರಂದು ಮುಂಬಯಿಯ ಗಿರಣಿಗಳು ಏಕೆ ನಿಂತವೆಂದು ಹುಡುಗರಿಗೆ ತಿಳಿಸುವುದು ಕಷ್ಟ. ಕಾಂಗ್ರೆಸ್ಸಿನ ಸಮಾಜವಾದಿ ನಾಯಕಿ ಅರುಣಾ ಆಸಫ್ ಅಲಿಯವರು ನಾವಿಕರ ಬೆಂಬಲಕ್ಕೆ ನಿಂತದ್ದನ್ನೂ ಸರ್ದಾರ್ ಪಟೇಲರು ಶರಣಾಗಲು ಸಲಹೆ ನೀಡಿದ್ದನ್ನೂ, ಸಭೆಯಲ್ಲಿ ಮನಸ್ತಾಪವಾದೀತೆಂದು ಬಿಡಬೇಡಿ. ನಾವು ಒಮ್ಮೆ ಬಿಟ್ಟೆವು. ಐದೇ ದಿನಗಳಲ್ಲಿ ಏಕೆ ಮುಗಿಯಿತೆಂದು ಕಾಲೇಜು ಹುಡುಗಿಯೊಬ್ಬಳು ಕೇಳಿದಾಗ ವೇದಿಕೆಯಲ್ಲಿದ್ದ ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಪುಣೆಯಿಂದ: ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದನ್ನು ಸೇರಿಸುತ್ತೇನೆ. ಘಟನೆಯ ದಿನಾಂಕದ ಜೊತೆಗೆ, ಅದಕ್ಕೆ ಹೊಸ ಅರ್ಥ ಬಂದ ದಿನಾಂಕವನ್ನೂ ಹೇಳಿ. ನಮ್ಮಲ್ಲಿ ಕೋರೆಗಾಂವ್ ಭೀಮಾದ ಸ್ತಂಭವನ್ನು ನಿಲ್ಲಿಸಿದ್ದು ಕಂಪನಿ ಸರ್ಕಾರ, ಪೇಶ್ವೆಯ ಸೇನೆಯ ವಿರುದ್ಧ ನಡೆದ 1818ರ ಜನವರಿ 1ರ ಯುದ್ಧದಲ್ಲಿ ಸತ್ತ ತನ್ನ ಸೈನಿಕರಿಗಾಗಿ. ಅಲ್ಲಿ ಕೆತ್ತಿದ ಮಹಾರ್ (ದಲಿತ ಜಾತಿ) ಸೈನಿಕರ ಹೆಸರುಗಳನ್ನು ಸ್ವಾಭಿಮಾನದ ಸಾಕ್ಷಿಯಾಗಿ ಓದುವುದಕ್ಕೆ ಬಲ ಬಂದದ್ದು ಡಾ. ಅಂಬೇಡ್ಕರರು 1927ರ ಜನವರಿ 1ರಂದು ಅಲ್ಲಿಗೆ ಬಂದ ಮೇಲೆ; ಅದೇ ಮಾರ್ಚಿನಲ್ಲಿ ಅವರು ದಲಿತರಿಗೆ ನಿಷಿದ್ಧವಾಗಿದ್ದ ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿದರು. ಎರಡನ್ನೂ ಜೊತೆಗಿಟ್ಟು ಹೇಳಿದಾಗ, ಅದು ಬ್ರಿಟಿಷರ ಗೆಲುವಲ್ಲವೇ ಎಂದು ನಮ್ಮ ಅಧ್ಯಯನ ಕೂಟದಲ್ಲಿ ವಾದಿಸುತ್ತಿದ್ದವರೂ ಕೆರೆಯ ಬಗ್ಗೆ ಪ್ರಶ್ನೆ ಕೇಳತೊಡಗಿದರು.

ಮಡಗಾಂವಿನಿಂದ: ಗೋವೆಯ ಪೋರ್ಚುಗೀಸ್ ಆಡಳಿತದ ವಿರುದ್ಧ ನಡೆದ 1946ರ ಜೂನ್ 18ರ ಸಭೆ ಎಂದರೆ ಇಲ್ಲಿ ಎಲ್ಲರಿಗೂ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ನೆನಪಾಗುತ್ತಾರೆ. ಅವರನ್ನು ಅಸೋಳ್ಣಾದ ತಮ್ಮ ಮನೆಗೆ ಕರೆಸಿಕೊಂಡು, ಅಂದು ಅವರ ಜೊತೆಗೇ ನಿಂತ ಡಾ. ಜುಲಿಯಾಂವ್ ಮೆನೆಜಿಸ್ ಅವರ ಹೆಸರನ್ನು ನಮ್ಮ ಭಾಷಣಕಾರರು ಬಿಡುತ್ತಲೇ ಬಂದಿದ್ದರು. ಈಗ ಆಮಂತ್ರಣ ಪತ್ರಿಕೆಯಲ್ಲೇ ಎರಡೂ ಹೆಸರುಗಳನ್ನು ಅಚ್ಚು ಹಾಕಿಸುತ್ತೇವೆ. ನೀವೂ ಮುಷ್ಕರ ಸಮಿತಿಯ ಎಂ.ಎಸ್. ಖಾನ್ ಮತ್ತು ಮದನ್ ಸಿಂಗ್ ಅವರಿಂದ ಆರಂಭಿಸಬಹುದು.