ಕಾರವಾರದ ತಾರಸಿ ಮನೆ: ಮಾರುವ ಮೊದಲು ಮೇಲೆ ಹಂಚೋ, ಶೀಟೋ?

ಮಾಜಾಳಿ_ಮನೆ ಕೇಳಿದ್ದು:

ಕಾರವಾರದ ಹತ್ತಿರ, ಕಡಲಿನಿಂದ ಸುಮಾರು 600 ಮೀಟರ್ ಒಳಗೆ 30×40 ಅಡಿಯ ಒಂದಂತಸ್ತಿನ ಮನೆ. ಚಿರೆಕಲ್ಲಿನ ಗೋಡೆ, ಪಿಲ್ಲರ್ ಇಲ್ಲ, 24 ವರ್ಷದ ಆರ್‌ಸಿಸಿ ತಾರಸಿ. ಮಳೆಗಾಲದಲ್ಲಿ ಪಡುವಣ ಕೋಣೆಯ ಮೂಲೆ ಜಿನುಗುತ್ತದೆ. ಮೂರ್ನಾಲ್ಕು ವರ್ಷದಲ್ಲಿ ಮಾರುವ ಯೋಚನೆ. ಬರೀ ವಾಟರ್‌ಪ್ರೂಫಿಂಗ್ ಸಾಕು ಅನ್ನುವವರು ಒಬ್ಬರು, ಪೈಪಿನ ಟ್ರಸ್ (ಹೊದಿಕೆ ಹೊರುವ ಚೌಕಟ್ಟು) ಮೇಲೆ ಬಣ್ಣದ ಶೀಟು ಅನ್ನುವವರು ಇನ್ನೊಬ್ಬರು, ಮಂಗಳೂರು ಹಂಚು ಅನ್ನುವವರು ಮತ್ತೊಬ್ಬರು. ಯಾವುದಕ್ಕೆ ಹಾಕಿದ ದುಡ್ಡು ಮಾರುವಾಗ ತಿರುಗಿ ಬರುತ್ತದೆ? ಶಿರಸಿ ಕಡೆ ಒಂದು ಹಳೇ ಹಂಚಿನ ಮನೆಯೂ ಇದೆ. ಅದರ ಮಾಡು (ಇಳಿಜಾರು ಚಾವಣಿ) ಬಿಚ್ಚಿ ಸ್ಲ್ಯಾಬ್ ಹಾಕಿದರೆ ಬೆಲೆ ಏರುತ್ತದೆಯೇ?

ಕಂಬಿ_ಕಾಂಕ್ರೀಟ್:

ಕೊಳ್ಳುವವನು ಚಂದದ ಮಾಡಿಗೆ ಹೆಚ್ಚು ಕೊಡುವುದಕ್ಕಿಂತ ಸೀಲಿಂಗಿನ ಕಲೆಗೆ ಹೆಚ್ಚು ಮುರಿದುಕೊಳ್ಳುತ್ತಾನೆ. ಅದಕ್ಕೇ ಮೊದಲು ಸ್ಲ್ಯಾಬ್ ನೋಡಿ, ಹಂಚು-ಶೀಟಿನ ಮಾತು ಆಮೇಲೆ.

ಸಣ್ಣ ಸುತ್ತಿಗೆ ಹಿಡಿದು ಸೀಲಿಂಗನ್ನು ಅಡಿಗೊಂದರಂತೆ ಬಡಿಯುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಅಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಕಾಂಕ್ರೀಟನ್ನು ಬಿಡಿಸಿದೆ ಎಂದರ್ಥ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಮ್ಮ ಕರಾವಳಿಯ ಹಳೇ ಸ್ಲ್ಯಾಬುಗಳ ರೋಗವೇ ಇದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಮಧ್ಯಮ ಪರಿಸರಕ್ಕೇ ಕಂಬಿಯ ಮೇಲೆ 30 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ) ಬೇಕು, ತೀವ್ರ ಪರಿಸರಕ್ಕೆ 45. ಮೇಸ್ತ್ರಿಗಳು ಬಿಟ್ಟಿದ್ದು ಎಷ್ಟೋ ಕಡೆ 15. ಅದರ ಮೇಲೆ ನದೀಮುಖದ ಉಪ್ಪು ಮರಳು ಬಳಸಿದ್ದರೆ ಕೇಳುವುದೇ ಬೇಡ, ತುಕ್ಕಿಗೆ ಉಪ್ಪು ಹೊರಗಿನಿಂದ ಬರಬೇಕಾಗಿಯೇ ಇಲ್ಲ.

ಟೊಳ್ಳು ಜಾಗವನ್ನು ಕಂಬಿಯ ಹಿಂಭಾಗ ಕಾಣುವ ತನಕ ಒಡೆಯಬೇಕು, ವೈರ್ ಬ್ರಶ್ಶಿನಿಂದ ಕಂಬಿ ಉಜ್ಜಿ ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆಯಲ್ಲಿ ಪದರ ಪದರವಾಗಿ ತುಂಬಬೇಕು. ಕಂಬಿ ಕಡ್ಡಿಯಷ್ಟು ಸಣ್ಣಗಾಗಿದ್ದರೆ ಎಂಜಿನಿಯರ್ ನೋಡದೆ ಮುಂದೆ ಹೋಗಬೇಡಿ. ಇದನ್ನು ಬಿಟ್ಟು ಮೇಲೆ ಶೀಟು ಹೊದೆಸಿದರೆ ಸೋರುವುದು ನಿಲ್ಲಬಹುದು, ಉಪ್ಪು ಸೇರಿದ ಕಾಂಕ್ರೀಟಿನಲ್ಲಿ ತುಕ್ಕು ನಿಲ್ಲುವುದಿಲ್ಲ.

ಸೋರಿದಾಗಲೆಲ್ಲ ಹಳೇ ಗಾರೆಯ ಮೇಲೆ ಹೊಸ ಗಾರೆ ಹಾಕಿಸಿದ್ದಾರಾ ಅಂತಲೂ ನೋಡಿ. 3 ಇಂಚಿನ ಒಂದು ಪದರವೇ ಚದರ ಮೀಟರಿಗೆ ಸುಮಾರು 150 ಕೆ.ಜಿ. ತೂಗುತ್ತದೆ. ಹಳೆಯದನ್ನು ಕಿತ್ತು, ನೂರಕ್ಕೆ ಒಂದರಷ್ಟಾದರೂ ಇಳಿಜಾರು ಕೊಟ್ಟು ಹೊಸದು ಹಾಕಿ, ಅಂಚಿಗೆ ಕಟ್ಟೆ ಕಟ್ಟಿ 48 ಗಂಟೆ ನೀರು ನಿಲ್ಲಿಸಿ.

ತಗಡು_ತಿರುಪು:

ಶೀಟಿಗೇ ಮನಸ್ಸಾದರೆ ಕಡಲ ಗಾಳಿಗೆ ಅಂಗಡಿಯವರು ಮುಂದಿಡುವ 0.35 ಮಿ.ಮೀ. ಬಣ್ಣದ ಶೀಟು ಬೇಡ. 0.50 ಮಿ.ಮೀ., ಎಝಡ್ 150 ಲೇಪನದ್ದು ಕೇಳಿ. 150 ಅಂದರೆ ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ ಅಲ್ಯೂಮಿನಿಯಂ-ಜಿಂಕ್. ಕಡಲಿಗೆ ಇನ್ನೂ ಹತ್ತಿರವಿದ್ದರೆ ಅಲ್ಯೂಮಿನಿಯಂ ಶೀಟೇ ವಾಸಿ.

ಶೀಟಿಗಿಂತ ಮೊದಲು ಹೋಗುವುದು ತಿರುಪು. ಸಾದಾ ತಿರುಪಿನ ತಲೆ ಕೆಂಪಾಗಿ ಶೀಟಿನ ಮೇಲೆ ಗೆರೆ ಇಳಿಯುತ್ತದೆ; ಗೇಟಿನಲ್ಲಿ ನಿಂತವನಿಗೂ ಅದು ಕಾಣುತ್ತದೆ. ಸ್ಟೇನ್‌ಲೆಸ್ ತಿರುಪು, ಇಪಿಡಿಎಂ ರಬ್ಬರಿನ ವಾಷರ್ ಹಾಕಿಸಿ. ವಾಷರ್ ಚಪ್ಪಟೆಯಾಗಿ ಹೊರಗೆ ಚಾಚುವಷ್ಟು ಬಿಗಿಯಬಾರದು. ತೂತು ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ಅದೇ ಸಂಜೆ ಗುಡಿಸಬೇಕು, ಇಲ್ಲದಿದ್ದರೆ ಒಂದೇ ಮಳೆಗೆ ಹೊಸ ಶೀಟಿನ ತುಂಬ ಕೆಂಪು ಚುಕ್ಕೆ. ಹಸಿ ಸಿಮೆಂಟನ್ನು ಶೀಟಿಗೆ ತಾಗಿಸಲೇಬೇಡಿ, ಲೇಪನ ತಿನ್ನುತ್ತದೆ.

ಚೌಕ ಪೈಪು ಒಳಗಿನಿಂದ ತುಕ್ಕು ಹಿಡಿಯುವುದು ಯಾರಿಗೂ ಕಾಣುವುದಿಲ್ಲ. ತುದಿಗಳನ್ನು ಪೂರ್ತಿ ಬೆಸುಗೆ ಹಾಕಿ ಮುಚ್ಚಿಸಿ. ಗ್ಯಾಲ್ವನೈಸ್ಡ್ ಪೈಪಾದರೂ ಬೆಸುಗೆಯ ಜಾಗದಲ್ಲಿ ಸತು ಸುಟ್ಟು ಹೋಗಿರುತ್ತದೆ, ಅಲ್ಲಿಗೆ ಜಿಂಕ್ ಪ್ರೈಮರ್ ಎರಡು ಕೈ.

ಎಲ್ಲಕ್ಕಿಂತ ಕೆಟ್ಟ ತಪ್ಪು ಅಂದರೆ ಕಂಬದ ಪ್ಲೇಟನ್ನು 4 ಇಂಚಿನ ಪ್ಯಾರಾಪೆಟ್ ಮೇಲೆ ಕೂರಿಸುವುದು. ಜೂನಿನ ಗಾಳಿ ಮಾಡನ್ನು ಕೆಳಗೆ ಒತ್ತುವುದಷ್ಟೇ ಅಲ್ಲ, ಮೇಲಕ್ಕೆ ಎತ್ತುತ್ತದೆ ಕೂಡ. ನಿಮ್ಮಲ್ಲಿ ಪಿಲ್ಲರ್ ಇಲ್ಲವಾದ್ದರಿಂದ ಕಂಬಗಳು ಕೆಳಗಿನ ಗೋಡೆಯ ನೇರಕ್ಕೇ ನಿಲ್ಲಬೇಕು, ಪ್ರತಿ ಪ್ಲೇಟಿಗೆ 4 ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು). ಮೊದಲು ಪ್ಲೇಟು, ಆಮೇಲೆ ವಾಟರ್‌ಪ್ರೂಫಿಂಗ್. ಉಲ್ಟಾ ಮಾಡಿದರೆ ಹೊಸ ಪದರಕ್ಕೆ ನೀವೇ ತೂತು ಕೊರೆದಂತೆ.

ವಾರಂಟಿ ಕಾಗದ ಪೂರ್ತಿ ಓದಿ. ಕಡಲಿನಿಂದ ಇಂತಿಷ್ಟು ದೂರದೊಳಗೆ ಅನ್ವಯಿಸುವುದಿಲ್ಲ ಎಂಬ ಸಾಲು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿರುತ್ತದೆ. ಹೊಸ ಮಾಲೀಕನಿಗೆ ವರ್ಗವಾಗುತ್ತದೆಯೇ ಅಂತಲೂ ಕೇಳಿ.

ಪಕಾಸು_ರೀಪು:

ಹಂಚಿನ ಲೆಕ್ಕ ಹೇಳುತ್ತೇನೆ. ಚಿರೆಕಲ್ಲಿನ ಗೋಡೆ ಮಳೆ ಕುಡಿಯದಿರಲು ಸುತ್ತ 2 ಅಡಿ ಸೂರು ಬೇಕು. ಆಗ 30×40 ಹೋಗಿ 34×44 ಆಯಿತು, 1,496 ಚದರಡಿ. 30 ಡಿಗ್ರಿ ಇಳಿಜಾರಿಗೆ ಅದನ್ನು 0.866ರಿಂದ (30 ಡಿಗ್ರಿಯ ಕೊಸೈನ್) ಭಾಗಿಸಿದರೆ ಸುಮಾರು 1,727 ಚದರಡಿ, ಅಂದರೆ 160 ಚದರ ಮೀಟರ್. ಗುತ್ತಿಗೆದಾರ ಚದರಡಿ ರೇಟು ಹೇಳುವುದು ಈ ಇಳಿಜಾರಿನ ಅಳತೆಗೆ; ನೀವು 1,200 ಅಂದುಕೊಂಡು ತಲೆಯಾಡಿಸಿರುತ್ತೀರಿ. ಜಗಳ ಹುಟ್ಟುವುದೇ ಇಲ್ಲಿ.

ಚದರ ಮೀಟರಿಗೆ 15ರಂತೆ 2,400 ಹಂಚು, ಒಡೆದದ್ದಕ್ಕೆ ಶೇ. 5 ಸೇರಿಸಿ 2,520. ಎರಡಿಳಿಜಾರಿನ ಮಾಡಾದರೆ ರಿಡ್ಜಿಗೆ (ಮಾಡಿನ ನೆತ್ತಿಗೆ) 40 ಹಂಚು. ತೂಕ ಚದರ ಮೀಟರಿಗೆ 40 ಕೆ.ಜಿ. ಹಿಡಿದರೂ ಆರೂವರೆ ಟನ್, ನೆಂದಾಗ ಇನ್ನೂ ಹೆಚ್ಚು. ಅದೇ ಜಾಗಕ್ಕೆ 0.50 ಶೀಟು ಮುಕ್ಕಾಲು ಟನ್ ಸುತ್ತಮುತ್ತ. ಆದ್ದರಿಂದ ಶೀಟಿಗೆ ಮಾಡಿದ ಟ್ರಸ್ ಮೇಲೆ ನಾಳೆ ಹಂಚು ಹೊದೆಸುವಂತಿಲ್ಲ.

ಹಂಚು ಆರಿಸುವಾಗ ಗೆಣ್ಣಿನಿಂದ ತಟ್ಟಿ, ಠಣ್ ಎನ್ನಬೇಕು. ಒಂದನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 2.6 ಕೆ.ಜಿ.ಯ ಹಂಚು ಅರ್ಧ ಕೆ.ಜಿ. ನೀರು ಕುಡಿದರೆ ಸುಟ್ಟದ್ದು ಸಾಲದು. ಪಾಚಿಯೂ ಬೇಗ, ಒಡೆಯುವುದೂ ಬೇಗ.

ರೀಪಿನ (ಹಂಚು ಕೂರುವ ಅಡ್ಡಪಟ್ಟಿ) ಅಂತರವನ್ನು ಬಾಯಿಮಾತಿನ ಹನ್ನೆರಡೂವರೆ ಇಂಚಿಗೆ ಬಿಡಬೇಡಿ. 11 ಹಂಚು ನೆಲದ ಮೇಲೆ ಒಂದಕ್ಕೊಂದು ಕೊಕ್ಕೆ ಹಾಕಿ ಜೋಡಿಸಿ. ಪೂರ್ತಿ ಎಳೆದಾಗ ಮೊದಲ ಹಂಚಿನ ತಲೆಯಿಂದ ಕೊನೆಯ ಹಂಚಿನ ತಲೆಗೆ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟು, ಅಳೆಯಿರಿ. ಎರಡರ ಸರಾಸರಿಯನ್ನು 10ರಿಂದ ಭಾಗಿಸಿದರೆ ನಿಮ್ಮ ಅಂತರ ಸಿಗುತ್ತದೆ. ಬೆಸುಗೆ ಹಾಕಿದ ರೀಪನ್ನು ಆಮೇಲೆ ಸರಿಸಲಾಗುವುದಿಲ್ಲ.

ಸೂರಿನ ಮೊದಲೆರಡು ಸಾಲು, ರಿಡ್ಜಿನ ಕೆಳಗಿನ ಸಾಲು ಮತ್ತು ಎರಡೂ ಬದಿಯ ಅಂಚುಗಳನ್ನು ಹಂಚಿನ ಹಿಂದಿನ ತೂತಿಗೆ ತಾಮ್ರದ ಅಥವಾ ಸ್ಟೇನ್‌ಲೆಸ್ ತಂತಿ ಪೋಣಿಸಿ ರೀಪಿಗೆ ಕಟ್ಟಬೇಕು. ಈ ಕೆಲಸವನ್ನು ಎಲ್ಲರೂ ಹಾರಿಸುತ್ತಾರೆ. 2021ರ ಮೇ ತಿಂಗಳ ತೌಕ್ತೆಯಂಥ ಗಾಳಿ ಮೊದಲು ಎಬ್ಬಿಸುವುದು ಇವೇ ಅಂಚುಗಳನ್ನು.

ಸೂರಿನ ಮಳೆನೀರು ಹಿಡಿಯುವ ದೋಣಿ ಪೈಪಿಗೂ ಲೆಕ್ಕವಿದೆ. ಗಂಟೆಗೆ 100 ಮಿ.ಮೀ. ಮಳೆಗೆ ಒಂದೊಂದು ಮಗ್ಗುಲಿನಿಂದ ಸೆಕೆಂಡಿಗೆ ಸುಮಾರು 2 ಲೀಟರ್ ಇಳಿಯುತ್ತದೆ. ಮಗ್ಗುಲಿಗೆ 110 ಮಿ.ಮೀ.ನ ಎರಡು ಇಳಿಪೈಪು ಇಡಿ, ಎಲೆ ಕಟ್ಟಿ ಒಂದು ಮುಚ್ಚಿದರೂ ಇನ್ನೊಂದು ಎಳೆಯುತ್ತದೆ.

ಶಿರಸಿ_ಚಾವಡಿ:

ಶಿರಸಿಯ ಮನೆಗೆ ಸ್ಲ್ಯಾಬ್ ಹಾಕಬೇಡಿ. ಹಳೇ ಗೋಡೆಗಳು ಆ ಭಾರಕ್ಕೆ ಕಟ್ಟಿದವಲ್ಲ, ಮಾಡು ಬಿಚ್ಚಿದ ಕೂಡಲೇ ಮನೆಯ ಮುಖವೂ ಹೋಗುತ್ತದೆ. ಅಂಥ ಮನೆ ಹುಡುಕಿ ಬರುವವರಿಗೆ ಬೇಕಾದದ್ದೇ ಆ ಜಂತಿ, ಹಂಚು, ಅಂಗಳ.

ಮರ ನೋಡಿ. ಪಕಾಸಿನ (ರೀಪನ್ನು ಹೊರುವ ಇಳಿಜಾರು ಮರ) ಗೋಡೆ ಸೇರುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ. ಒರಲೆ ಹತ್ತುವುದೂ ನೀರು ನಿಲ್ಲುವುದೂ ಅಲ್ಲೇ. ಸಲೀಸಾಗಿ ಇಳಿದರೆ ಆ ಪಕಾಸು ಬದಲು, ಉಳಿದದ್ದು ಇರಲಿ. ಅಡಿಕೆ ದಬ್ಬೆಯ ರೀಪಿದ್ದರೆ ಎಲ್ಲವನ್ನೂ ಒಂದೇ ಸಲ ಗಟ್ಟಿ ಮರಕ್ಕೆ ಬದಲಿಸಿ, ತುಂಡು ತುಂಡಾಗಿ ಬದಲಿಸಿದರೆ ಸಾಲು ಡೊಂಕಾಗುತ್ತದೆ.

ಮಂಗಗಳ ಕಾಟಕ್ಕೆ ಹಂಚಿನ ಕೆಳಗೆ ಶೀಟು ಹಾಕುವ ಪದ್ಧತಿ ಬಂದಿದೆ, ಒಳ್ಳೆಯದೇ. ಆದರೆ ಶೀಟಿನ ಮೇಲೆ ನೇರ ಅಡ್ಡ ರೀಪು ಹೊಡೆದರೆ ಒಡೆದ ಹಂಚಿನಿಂದ ಇಳಿದ ನೀರು, ತರಗೆಲೆ ಎಲ್ಲ ರೀಪಿಗೆ ಕಟ್ಟಿ ನಿಲ್ಲುತ್ತದೆ. ಮೊದಲು ಇಳಿಜಾರಿನ ದಿಕ್ಕಿಗೆ ಒಂದು ಇಂಚಿನ ಪಟ್ಟಿ, ಅದರ ಮೇಲೆ ರೀಪು. ಹಂಚಿಗೆ ಬಣ್ಣ ಬೇಡವೇ ಬೇಡ, ನಾಲ್ಕು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಮೇಲಾಗಿ ಏನನ್ನೋ ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಬೇರೆ.

ಮಾಜಾಳಿ_ಮನೆ:

ತುಂಬಾ ಉಪಕಾರ. ಹಾಗಾದರೆ ಕಾರವಾರದ್ದಕ್ಕೆ ಸ್ಲ್ಯಾಬ್ ರಿಪೇರಿ, ಮೇಲೆ ಹಂಚು. ಕೆಲಸ ಯಾವಾಗ? ಕಾಗದಪತ್ರ ಏನಾದರೂ ಬೇಕೆ?

ಕಂಬಿ_ಕಾಂಕ್ರೀಟ್:

ಜನವರಿಯಿಂದ ಏಪ್ರಿಲ್ ಒಳಗೆ. ಗೋಡೆ ಹಸಿಯಿರುವಾಗ ಸೀಲಿಂಗಿಗೆ ಬಣ್ಣ ಬಳಿಯಬೇಡಿ.

ಟ್ರಸ್ ಎಬ್ಬಿಸುವ ಮುಂಚೆ ನಗರಸಭೆಯಲ್ಲೋ ಪಂಚಾಯತಿಯಲ್ಲೋ ಪರವಾನಗಿ ಕೇಳಿ. ಕೊಳ್ಳುವವನು ಸಾಲ ತೆಗೆದರೆ ಬ್ಯಾಂಕಿನ ವ್ಯಾಲ್ಯುವರ್ ಮಂಜೂರಾದ ನಕ್ಷೆಯನ್ನು ಮನೆಯ ಜೊತೆ ಹೋಲಿಸಿ ನೋಡುತ್ತಾನೆ, ನಕ್ಷೆಯಲ್ಲಿಲ್ಲದ ಮಾಡು ಅಲ್ಲಿ ಅಡ್ಡ ಬರಬಹುದು. 600 ಮೀಟರ್ ಕಡಲಿನಿಂದ ಸರಿ, ಆದರೆ ಸಿಆರ್‌ಝಡ್ (ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ) ಗಡಿ ಉಬ್ಬರ ಬರುವ ಹೊಳೆ-ಕೋಡಿಯಿಂದಲೂ ಅಳೆಯುತ್ತಾರೆ, ಹತ್ತಿರ ಹೊಳೆ ಇದ್ದರೆ ವಿಚಾರಿಸಿಕೊಳ್ಳಿ.

ಒಡೆದ ಸ್ಲ್ಯಾಬಿನ, ಉಜ್ಜಿದ ಕಂಬಿಯ, ನೀರು ನಿಲ್ಲಿಸಿದ ದಿನದ ಫೋಟೋಗಳನ್ನು ದಿನಾಂಕ ಸಮೇತ ಬಿಲ್ಲುಗಳ ಜೊತೆ ಇಡಿ.

ಪಕಾಸು_ರೀಪು:

ಜೊತೆಗೆ 60 ಹಂಚು, 5 ರಿಡ್ಜ್ ಹಿತ್ತಿಲಲ್ಲಿ ಎತ್ತಿಟ್ಟಿರಿ, ಮಾರುವಾಗ ಮನೆಯ ಜೊತೆ ಕೊಡಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರದಕ್ಕೆ ಕಚ್ಚಿ ಕೂರುವುದಿಲ್ಲ, ಬೆನ್ನ ಮೇಲಿನ ಅಚ್ಚಿನ ಹೆಸರು ಬಿಲ್ಲಿನಲ್ಲಿ ಬರೆಸಿಕೊಳ್ಳಿ.