ಬಿ-1ಬಿ, ಟಿಯು-160: ಮ್ಯಾಕ್ 2ರ ವೇಗಕ್ಕೆ ತೆರುವ ಬೆಲೆ ಎಷ್ಟು?

ನಭೋಮಿತ್ರ
2021ರ ಏರೋ ಇಂಡಿಯಾದಲ್ಲಿ ಅಮೆರಿಕದ ಬಿ-1ಬಿ ಬಾಂಬರ್ ನಮ್ಮ ತೇಜಸ್ ಜೊತೆ ಯಲಹಂಕದ ಮೇಲೆ ಹಾರಿತು. 2023ರಲ್ಲಿ ಅಂಥ ಎರಡು ವಿಮಾನ ಬಂದವು. ಆ ಚಿತ್ರ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ನಮ್ಮ ವಾಯುಪಡೆಗೂ ಇಂಥದ್ದು ಬೇಡವೇ? ಬೇಕು ಅಂತಲೇ ನನ್ನ ವಾದ. ಆದರೆ ಬಿ-1ಬಿ ಅಲ್ಲ, ರಷ್ಯಾದ ಟಿಯು-160. ಬಿ-1ಬಿ ಎಷ್ಟು ತಿಣುಕಿದರೂ ಮ್ಯಾಕ್ 1.25, ಅಂದರೆ ಶಬ್ದದ ವೇಗದ ಒಂದೂಕಾಲು ಪಟ್ಟು. ಟಿಯು-160 ಮ್ಯಾಕ್ 2 ದಾಟುತ್ತದೆ. ಟೇಕಾಫ್ ತೂಕ 275 ಟನ್, ಗಾಳಿಯಲ್ಲಿ ಇಂಧನ ತುಂಬಿಸಿಕೊಳ್ಳದೆ 12,000 ಕಿ.ಮೀ., ಒಡಲಲ್ಲಿ 12 ಕ್ರೂಸ್ ಕ್ಷಿಪಣಿ. 2018ರ ಒಪ್ಪಂದದಲ್ಲಿ ಹೊಸದೊಂದಕ್ಕೆ 1,500 ಕೋಟಿ ರೂಬಲ್, ಅಂದರೆ ಆಗಿನ ದರದಲ್ಲಿ ಸುಮಾರು 26-27 ಕೋಟಿ ಡಾಲರ್. ಬಿ-1ಬಿಗೆ ಅಮೆರಿಕ ಹೇಳುವ ಬೆಲೆ 31.7 ಕೋಟಿ ಡಾಲರ್. ಯಾವುದು ಲಾಭ ಅಂತ ನೀವೇ ಹೇಳಿ.

ಸುಮಾ_ಏರೋ
ಮ್ಯಾಕ್ 2 ಅನ್ನುವುದು ಇಡೀ ದಾರಿಯ ವೇಗ ಅಲ್ಲ ಸರ್, ಕೆಲವು ನಿಮಿಷದ ವೇಗ. ಬಿ-1ಬಿಯ ಎಫ್101 ಎಂಜಿನ್ನನ್ನೇ ನೋಡಿ. ಎಂಜಿನ್ನಿನ ಬಾಲದಲ್ಲಿ ಇನ್ನಷ್ಟು ಇಂಧನ ಸುಟ್ಟು ಬಲ ಹೆಚ್ಚಿಸುವ ಭಾಗವೇ ಆಫ್ಟರ್‌ಬರ್ನರ್. ಆಫ್ಟರ್‌ಬರ್ನರ್ ಇಲ್ಲದೆ ಸುಮಾರು 17,000 ಪೌಂಡ್ ನೂಕುಬಲ, ಹಚ್ಚಿದರೆ 30,000 ಪೌಂಡ್ ದಾಟುತ್ತದೆ. ನೂಕುಬಲ ಎರಡು ಪಟ್ಟೂ ಆಗಲಿಲ್ಲ, ಇಂಧನದ ಖರ್ಚು ಏಳು ಪಟ್ಟಿನ ಮೇಲೆ ಹೋಯಿತು. ವಿಮಾನದೊಳಗೆ ಇರುವುದು ಸುಮಾರು 120 ಟನ್ ಇಂಧನ. ಸಮುದ್ರಮಟ್ಟದ ಲೆಕ್ಕದಲ್ಲಿ ನಾಲ್ಕೂ ಎಂಜಿನ್ ಪೂರ್ತಿ ಆಫ್ಟರ್‌ಬರ್ನರಿನಲ್ಲಿ ಉರಿದರೆ ಒಂದು ಗಂಟೆಯೊಳಗೆ ಟ್ಯಾಂಕ್ ಬರಿದು. ಎತ್ತರದಲ್ಲಿ ಗಾಳಿ ತೆಳು, ಅಲ್ಲಿ ಇಷ್ಟು ಬೇಗ ಮುಗಿಯುವುದಿಲ್ಲ ನಿಜ. ಆದರೂ ಅನುಪಾತ ಅದೇ ದಿಕ್ಕಿನದು. ನೀವು ಹೇಳಿದ 12,000 ಕಿ.ಮೀ. ಶಬ್ದದ ವೇಗಕ್ಕಿಂತ ಕೆಳಗೆ ಹಾರಿದಾಗ ಸಿಗುವ ದೂರ. ವೇಗ, ದೂರ ಎರಡನ್ನೂ ಒಂದೇ ಹಾರಾಟದಲ್ಲಿ ಕೂಡಿಸಿ ಹೇಳುವ ಹಾಗಿಲ್ಲ.

ಇನ್ನು ಬಿ-1ಬಿ 1.25ಕ್ಕೆ ನಿಂತದ್ದು ಕೈಲಾಗದೆ ಅಲ್ಲ. ಮೊದಲ ಬಿ-1ಎ ಮ್ಯಾಕ್ 2ರ ವಿಮಾನವೇ. ಅಂಥ ವೇಗದಲ್ಲಿ ಒಳಬರುವ ಗಾಳಿಯನ್ನು ಫ್ಯಾನಿಗೆ ಮುಟ್ಟುವ ಮೊದಲು ಶಬ್ದದ ವೇಗಕ್ಕಿಂತ ಕೆಳಗಿಳಿಸಬೇಕು. ಅದಕ್ಕೆ ಗಾಳಿಬಾಯಿಯೊಳಗೆ ಅಲುಗಾಡುವ ಇಳಿಜಾರು ಫಲಕಗಳು, ಅವನ್ನು ನೂಕುವ ಹೈಡ್ರಾಲಿಕ್ಸ್, ಅಳೆಯುವ ಸೆನ್ಸರ್‌ಗಳು ಬೇಕು. ಬಿ-1ಬಿಯಲ್ಲಿ ಅವನ್ನೆಲ್ಲ ಕಿತ್ತು, ಬಾಗಿದ ಸ್ಥಿರ ಕೊಳವೆ ಇಟ್ಟು, ಒಳಗೆ ಅಡ್ಡಹಲಗೆ ಕೂರಿಸಿದರು. ಎದುರಿನಿಂದ ಬಂದ ರೇಡಾರ್ ಕಿರಣಕ್ಕೆ ಫ್ಯಾನಿನ ಎಲೆಗಳು ಕಾಣುವುದಿಲ್ಲ. ವೇಗ ಕೊಟ್ಟು ಮರೆ ಕೊಂಡರು.

ಗಗನಪ್ರಿಯ
ಸುಮಾ ಅವರೇ, ವೇಗವನ್ನು ಇಷ್ಟು ಹಗುರ ಮಾಡಬೇಡಿ. ಅಫ್ಘಾನಿಸ್ತಾನದ ಯುದ್ಧದಲ್ಲಿ ಮೊದಲ ಆರು ತಿಂಗಳು ಬಿ-1ಬಿಗಳು ಎಂಟೇ ಎಂಟು. ಅಮೆರಿಕ ಮತ್ತು ಮಿತ್ರದೇಶಗಳ ಒಕ್ಕೂಟದ ವಿಮಾನಗಳೆಲ್ಲ ಸುರಿದ ಬಾಂಬುಗಳ ತೂಕದಲ್ಲಿ ಹತ್ತಿರ ಹತ್ತಿರ 40 ಶೇಕಡಾ ಇವುಗಳದ್ದು. ಒಂದು ಕಣಿವೆಯ ಮೇಲೆ ಗಂಟೆಗಟ್ಟಲೆ ಸುತ್ತುತ್ತಾ ಇದ್ದು, ನೂರಾರು ಕಿ.ಮೀ. ಆಚೆ ಪಡೆ ಸಿಕ್ಕಿಬಿದ್ದಿದೆ ಅಂತ ಕರೆ ಬಂದರೆ ರೆಕ್ಕೆ ಹಿಂದಕ್ಕೆ ಮಡಚಿ ಓಡುವ ಶಕ್ತಿ ಇದ್ದದ್ದು ಇದಕ್ಕೆ. ಅಮೆರಿಕದ ಹಳೆಯ ಬಾಂಬರ್ ಬಿ-52ಕ್ಕೆ ಆ ಓಟ ಇಲ್ಲ.

ಲೋಹವಿದ್ಯೆ
ಅದೇ ಕೆಲಸ ಅದರ ಮೈ ಮುರಿಯಿತು ಗಗನಪ್ರಿಯ. ಬಿ-1ಬಿಯ ಚೌಕಟ್ಟು ಲೆಕ್ಕ ಹಾಕಿದ್ದು ರೆಕ್ಕೆ 67.5 ಡಿಗ್ರಿ ಹಿಂದಕ್ಕೆ ಮಡಚಿ ನೆಲಕ್ಕೆ ಅಂಟಿಕೊಂಡು ಓಡುವ ವಿಮಾನಕ್ಕೆ. ಅದನ್ನು ವರ್ಷಗಟ್ಟಲೆ ರೆಕ್ಕೆ ಚಾಚಿ, ಭಾರ ಹೊತ್ತು, ನಿಧಾನವಾಗಿ ಸುತ್ತಿಸಿದರು. 2021ರಲ್ಲಿ 17 ವಿಮಾನಗಳನ್ನು ಸೇವೆಯಿಂದ ಇಳಿಸಿ 45 ಉಳಿಸಿಕೊಂಡರು. ಇಳಿಸಿದ ಒಂದೊಂದನ್ನು ಸದ್ಯದ ಮಟ್ಟಕ್ಕೆ ತರುವುದಕ್ಕೇ 1ರಿಂದ 3 ಕೋಟಿ ಡಾಲರ್ ಬೇಕು ಅಂತ ಅಮೆರಿಕದ ವಾಯುಪಡೆಯೇ ಹೇಳಿತ್ತು.

ಅಂಗಡಿ ಬೆಲೆ ಬಿಡಿ. ಮಡಚುವ ರೆಕ್ಕೆ ಏನು ಬೇಡುತ್ತದೆ ಅಂತ ನೋಡಿ. ರೆಕ್ಕೆ ಹಿಂದಕ್ಕೆ ಹೋದಾಗ ಎತ್ತುಬಲದ ಕೇಂದ್ರವೂ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಸರಿಯಾಗಿ ಇಂಧನವನ್ನು ಮುಂದಿನ ಟ್ಯಾಂಕಿನಿಂದ ಹಿಂದಿನ ಟ್ಯಾಂಕಿಗೆ ಪಂಪ್ ಮಾಡಬೇಕು. ರೆಕ್ಕೆ ಮುಂದೆ ಬಂದರೆ ಇಂಧನವೂ ಮುಂದೆ ಬರಬೇಕು. 1984ರ ಆಗಸ್ಟ್ 29ರಂದು ಎರಡನೇ ಬಿ-1ಎ ಬಿದ್ದದ್ದು ಇಲ್ಲೇ. ನಿಧಾನ ವೇಗದ ಪರೀಕ್ಷೆಗೆ ರೆಕ್ಕೆ ಮುಂದಕ್ಕೆ ಚಾಚಿದರು, ಇಂಧನ ಹಿಂದೆಯೇ ಉಳಿಯಿತು, ಮೂಗು ಮೇಲೆದ್ದಿತು, ಹಿಡಿತ ತಪ್ಪಿತು. ಮುಖ್ಯ ಪರೀಕ್ಷಾ ಪೈಲಟ್ ತೀರಿಕೊಂಡರು. ಹಿಡಿತ ತಪ್ಪಿಸಿದ್ದು ಕೆಟ್ಟ ಯಂತ್ರವಲ್ಲ, ಇಂಧನ ಸರಿಸದ ಮರೆವು.

ಟಿಯು-160ರ ಕಷ್ಟ ಇನ್ನೂ ಆಳದಲ್ಲಿದೆ. ಎರಡೂ ರೆಕ್ಕೆಯ ಕೀಲುಗಳನ್ನು ಹೊರುವುದು ಒಡಲಿಗೆ ಅಡ್ಡಲಾಗಿ ಕೂತ 12 ಮೀಟರಿಗೂ ಉದ್ದದ ಟೈಟಾನಿಯಂ ತೊಲೆ. ಬಿಸಿ ಟೈಟಾನಿಯಂ ಗಾಳಿ ಸೋಕಿದರೆ ಆಮ್ಲಜನಕ ಹೀರಿ ಗಾಜಿನಂತೆ ಬಿರುಸಾಗುತ್ತದೆ. ಹಾಗಾಗಿ ನಿರ್ವಾತ ಕೋಣೆಯಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸುಗೆ ಹಾಕುತ್ತಾರೆ. ಟಿಯು-160 ಕಟ್ಟುವ ರಷ್ಯಾದ ಕಜಾನಿನ ಕಾರ್ಖಾನೆಯಲ್ಲಿ ಈ ವಿದ್ಯೆ ವರ್ಷಗಟ್ಟಲೆ ನಿಂತುಹೋಗಿತ್ತು. ತಯಾರಿಕೆ ಮತ್ತೆ ಶುರು ಮಾಡುತ್ತೇವೆ ಎಂದದ್ದು 2015ರಲ್ಲಿ, ಹೊಸದಾಗಿ ಕಟ್ಟಿದ ಮೊದಲ ವಿಮಾನ ಹಾರಿದ್ದು 2022ರ ಜನವರಿಯಲ್ಲಿ. ಎನ್‌ಕೆ-32 ಎಂಜಿನ್, ಅಂದರೆ ಟಿಯು-160ರ ಎಂಜಿನ್, ಸಿಗುವುದು ರಷ್ಯಾದ ಸಮಾರಾದಲ್ಲಿ ಮಾತ್ರ. ನಮಗೆ ಆರೋ ಎಂಟೋ ಕೊಟ್ಟರು ಅಂತಲೇ ಇಟ್ಟುಕೊಳ್ಳಿ, ಒಂದು ಎಂಜಿನ್ನಿನ ಟರ್ಬೈನ್ ಎಲೆ ಬಿರುಕು ಬಿಟ್ಟರೆ ಆ ಸಾಲಿನಲ್ಲಿ ನಾವು ರಷ್ಯಾದ ಹಿಂದೆ ನಿಲ್ಲಬೇಕು. ಆನೆ ಕೊಳ್ಳುವ ಹಣ ಬೇರೆ, ದಿನಾ ಮೇವು ಹಾಕುವ ಹಣ ಬೇರೆ.

ಉಕ್ರೇನಿನ ಪಾಡು ನೋಡಿ. ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿನ ಪ್ರಿಲೂಕಿ ವಾಯುನೆಲೆಯಲ್ಲಿ 19 ಟಿಯು-160 ಪುಕ್ಕಟೆಯಾಗಿ ಕೈಗೆ ಬಂದವು. ಬಿಡಿಭಾಗವಿಲ್ಲ, ಹಾರಿಸುವ ದುಡ್ಡಿಲ್ಲ. ಎಂಟನ್ನು 1999ರಲ್ಲಿ ಗ್ಯಾಸ್ ಸಾಲಕ್ಕೆ ವಜಾ ಹಾಕಿಸಿಕೊಂಡು ರಷ್ಯಾಕ್ಕೇ ಕೊಟ್ಟರು. ಒಂದು ಪೊಲ್ಟಾವಾದ ಸಂಗ್ರಹಾಲಯದಲ್ಲಿದೆ. ಉಳಿದವನ್ನು ಕತ್ತರಿಸಿದರು.

ನಭೋಮಿತ್ರ
ಉಕ್ರೇನಿನ ಖಜಾನೆಗೂ ನಮ್ಮದಕ್ಕೂ ಹೋಲಿಕೆ ಇಲ್ಲ. ಇಂಧನದ ಲೆಕ್ಕ ಒಪ್ಪಿದೆ. ಆದರೆ ಸಿರಿಯಾದಲ್ಲಿ 2015ರ ನವೆಂಬರ್‌ನಲ್ಲಿ ಟಿಯು-160 ತನ್ನ ಕೆಲಸ ಮಾಡಿ ತೋರಿಸಲಿಲ್ಲವೇ?

ಸುಮಾ_ಏರೋ
ತೋರಿಸಿತು. ಹೇಗೆ ಅಂತಲೂ ನೋಡಬೇಕು. ಅದು ದೂರದಿಂದ ಬಿಟ್ಟದ್ದು ಕೆಎಚ್-101 ಕ್ಷಿಪಣಿ, ಅದೂ ಶಬ್ದದ ವೇಗಕ್ಕಿಂತ ಕೆಳಗೇ ಹಾರುವಂಥದ್ದು. ಹಳೆಯ ಟರ್ಬೊಪ್ರಾಪ್ ಟಿಯು-95 ಕೂಡ ಅದನ್ನೇ ಬಿಡುತ್ತದೆ. 2018ರ ಏಪ್ರಿಲ್‌ನಲ್ಲಿ ಎರಡು ಬಿ-1ಬಿಗಳು ಸಿರಿಯಾದ ಮೇಲೆ 19 ಜೆಎಎಸ್‌ಎಸ್‌ಎಂ ಕ್ಷಿಪಣಿ ಬಿಟ್ಟದ್ದೂ ದೂರದಿಂದಲೇ. ಕ್ಷಿಪಣಿಯೇ ನೂರಾರು, ಸಾವಿರಾರು ಕಿ.ಮೀ. ಹಾರುವಾಗ ಹೊತ್ತವನ ಓಟ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬಂತು?

ಆ ಓಟಕ್ಕಾಗಿ ಇಟ್ಟ ಭಾಗಗಳೇ ಕೆಡುವುದೂ ಉಂಟು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಎಲ್ಲ ಬಿ-1ಬಿಗಳನ್ನೂ ನೆಲಕ್ಕಿಳಿಸಿದರು. ಕಾರಣ ಆಫ್ಟರ್‌ಬರ್ನರಿಗೆ ಇಂಧನ ನೂಕುವ ಪಂಪಿನ ಫಿಲ್ಟರ್ ಕೂರುವ ಲೋಹದ ಗೂಡು. ಒಂದು ವಿಮಾನದಲ್ಲಿ ದೋಷ ಸಿಕ್ಕಿತು, ಪ್ರತಿ ಎಂಜಿನ್ನಿನ ಪಂಪ್ ಬಿಚ್ಚಿ ನೋಡುವವರೆಗೆ ಯಾವುದನ್ನೂ ಹಾರಿಸಲಿಲ್ಲ.

ಗಗನಪ್ರಿಯ
ಇದನ್ನು ಒಪ್ಪುತ್ತೇನೆ. ಇನ್ನೊಂದು ಮಾತೂ ಸೇರಿಸುತ್ತೇನೆ. ದೊಡ್ಡ ಬಾಂಬರ್ ನೆಲದಲ್ಲಿ ನಿಂತಾಗ ಅಷ್ಟೇ ಅಸಹಾಯಕ. ಟಿಯು-160ರ ರೆಕ್ಕೆ ಚಾಚಿದರೆ 55.7 ಮೀಟರ್. ಇದಕ್ಕೆ ಗಟ್ಟಿ ಕಾಂಕ್ರೀಟ್ ಗೂಡು ಕಟ್ಟುವುದು ಸುಲಭವಲ್ಲ, ಬಯಲಲ್ಲೇ ನಿಲ್ಲಿಸುತ್ತಾರೆ. 2025ರ ಜೂನ್‌ನಲ್ಲಿ ಲಾರಿಗಳಿಂದ ಎದ್ದ ಉಕ್ರೇನಿನ ಸಣ್ಣ ಡ್ರೋನ್‌ಗಳು ರಷ್ಯಾದ ನೆಲೆಗಳಲ್ಲಿ ಟಿಯು-95, ಟಿಯು-22ಎಂ3ಗಳನ್ನು ನಿಂತಲ್ಲೇ ಸುಟ್ಟವು. ಐದಾರು ವಿಮಾನದ ಪಡೆ ಕಟ್ಟಿ, ಒಂದೇ ರಾತ್ರಿ ಎರಡು ಹೋದರೆ ಏನು ಗತಿ?

ನಭೋಮಿತ್ರ
ಹಾಗಾದರೆ ದೂರ ಹೊಡೆಯುವ ಶಕ್ತಿಯೇ ಬೇಡ ಅನ್ನುತ್ತೀರಾ?

ಲೋಹವಿದ್ಯೆ
ಖಂಡಿತ ಬೇಕು. ಅದು ಅರ್ಧ ನಮ್ಮ ಕೈಯಲ್ಲೇ ಇದೆ. ಸುಖೋಯ್-30ಎಂಕೆಐ ತನ್ನ ಹೊಟ್ಟೆಯ ಕೆಳಗೆ ಎರಡೂವರೆ ಟನ್ನಿನ ಬ್ರಹ್ಮೋಸ್ ಹೊರುತ್ತದೆ. ಅದಕ್ಕೆ ಬೇಕಾದ ಚೌಕಟ್ಟಿನ ಬಲವರ್ಧನೆಯನ್ನು ಎಚ್‌ಎಎಲ್ ಮಾಡಿದೆ. 2020ರಲ್ಲಿ ತಂಜಾವೂರಿನಲ್ಲಿ ಅದರದ್ದೇ ಸ್ಕ್ವಾಡ್ರನ್ ನಿಂತಿತು. ಇಲ್ಲಿ ಶಬ್ದಾತೀತ ವೇಗ ಕ್ಷಿಪಣಿಗಿದೆ, ಸುಮಾರು ಮ್ಯಾಕ್ 2.8. ಅದು ಒಂದು ಸಲ ಉರಿದು ಮುಗಿಯುತ್ತದೆ, ಅದಕ್ಕೆ 40 ವರ್ಷ ಬಾಳುವ ಟೈಟಾನಿಯಂ ತೊಲೆ ಬೇಕಿಲ್ಲ.

ನಮ್ಮ ಕೊರತೆ ಗಾಳಿಯಲ್ಲಿ ಇಂಧನ ಕೊಡುವ ಟ್ಯಾಂಕರ್. 2003ರಿಂದ ಬಂದ ಐಎಲ್-78ಗಳು ಆರೇ ಆರು, ಅವು ಹಾರುವುದಕ್ಕಿಂತ ರಿಪೇರಿಗೆ ನಿಲ್ಲುವುದೇ ಹೆಚ್ಚು ಅನ್ನುವ ದೂರು ಹಳೆಯದು. ಏರ್‌ಬಸ್ ಎ330 ಟ್ಯಾಂಕರನ್ನು ಎರಡು ಸಲ ಆರಿಸಿ, ಎರಡು ಸಲವೂ ದುಬಾರಿ ಎಂದು ಕೈಬಿಟ್ಟರು. ಸುಖೋಯ್ ಮೂಗಿನ ಪಕ್ಕದ ಕೊಳವೆಯನ್ನು ಟ್ಯಾಂಕರ್ ಹಿಂದಕ್ಕೆ ಇಳಿಬಿಡುವ ಪೈಪಿನ ತುದಿಯ ಬುಟ್ಟಿಗೆ ಸೇರಿಸಿ ಇಂಧನ ಪಡೆಯುತ್ತದೆ. ಅದೇ ಬುಟ್ಟಿಯಿಂದ ಮಿಗ್-29ಕೆ, ತೇಜಸ್, ರಫೇಲ್ ಕೂಡ ಕುಡಿಯುತ್ತವೆ. ಮೊದಲ ಎರಡು ಟಿಯು-160ರ ದುಡ್ಡನ್ನು ಇಲ್ಲಿ ಹಾಕಿ ಅನ್ನುವುದು ನನ್ನ ವಾದ.