ಎಳ್ಳು ಬೀರಲು ಹನ್ನೊಂದು ಮಂದಿ

(ನಮ್ಮ ‘ಹಳೆಮನೆ ಬಳಗ’ ಗುಂಪು, ಜನವರಿ 12, 2022)

ಚಿಕ್ಕಪ್ಪ: [ಫಾರ್ವರ್ಡ್ ಸಂದೇಶ] ಕ್ಯಾನ್ಸರ್ ರೋಗಿಗಳೇ ಎಚ್ಚರ! ಓಮಿಕ್ರಾನ್ ಇಳಿಯುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಬೇಡಿ. ಕೀಮೊ ನಿಲ್ಲಿಸಿ, ಅಮೃತಬಳ್ಳಿ ಕಷಾಯ ಕುಡಿಯಿರಿ. ಹತ್ತು ಮಂದಿಗೆ ಕಳುಹಿಸಿ.

ಚಿಕ್ಕಪ್ಪ: ವೀಣಾ, ಅಕ್ಕನ ಸೋಮವಾರದ ಕೀಮೊ ಮುಂದಕ್ಕೆ ಹಾಕಿಸು.

ವೀಣಾ: ಇದನ್ನು ಬರೆದವರು ಯಾರು ಮಾವ?

ಚಿಕ್ಕಪ್ಪ: ಯಾರಾದರೇನು? ಕೀಮೊ ಆದವರಿಗೆ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿಯುತ್ತದೆ ಎಂದವಳು ನೀನೇ.

ವೀಣಾ: ಇಳಿಯುತ್ತದೆ. ಒಂದು ವಾರದಿಂದ ಎರಡು ವಾರದ ನಡುವೆ ತೀರಾ ಕೆಳಗೆ. ಅದಕ್ಕೇ ಥರ್ಮಾಮೀಟರ್ ಅಮ್ಮನ ದಿಂಬಿನ ಪಕ್ಕದಲ್ಲಿದೆ. ಜ್ವರ 100.4 ಮುಟ್ಟಿದರೆ ನಡುರಾತ್ರಿಯಾದರೂ ಹೊರಡಬೇಕು. ಪ್ಯಾರಾಸಿಟಮಾಲ್ ನುಂಗಿಸಿ ‘ಕೋವಿಡ್ ಇರಬಹುದು, ಬೆಳಗಾಗಲಿ’ ಎಂದು ಕೂರುವಂತಿಲ್ಲ. ಇಂಥ ಸಂದೇಶ ಕಲಿಸುವುದು ಅದನ್ನೇ.

ನಾನು: ಚಿಕ್ಕಪ್ಪ, 2020ರ ಮಾರ್ಚ್‌ನಿಂದ ಮೇವರೆಗೆ ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷಕ್ಕಿಂತ ಶೇ 54ರಷ್ಟು ಕುಸಿದಿತ್ತು ಎಂದು ‘ಲ್ಯಾನ್ಸೆಟ್ ಆಂಕಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅಷ್ಟು ಜನರ ಗಡ್ಡೆ ಕರಗಿಹೋಯಿತೇ?

ಚಿಕ್ಕಪ್ಪ: ಆಸ್ಪತ್ರೆಯಲ್ಲಿ ಸೋಂಕು ತಗುಲಿದರೆ ನೀನು ಹೊಣೆಯೇ?

ನಾನು: ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಅದೇ ಲಾಕ್‌ಡೌನಿನಲ್ಲಿ, ಏಪ್ರಿಲ್ ಮುಗಿಯುವಷ್ಟರಲ್ಲಿ, 494 ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡಿತ್ತು. ಶಸ್ತ್ರಚಿಕಿತ್ಸೆಯ ಬೆನ್ನಿಗೆ ಆ ರೋಗಿಗಳಲ್ಲಿ ಒಬ್ಬರೂ ಸಾಯಲಿಲ್ಲ.

ವೀಣಾ: ಅಮ್ಮನಿಗೆ ಸೋಂಕು ಬಂದರೆ ವೈದ್ಯರೇ ಮುಂದೂಡುತ್ತಾರೆ ಮಾವ. ಕಷಾಯವನ್ನೂ ಅವರನ್ನು ಕೇಳದೆ ಕೊಡುವುದಿಲ್ಲ.

ಚಿಕ್ಕಮ್ಮ: ವೀಣಾ, ಶುಕ್ರವಾರ ಎಳ್ಳು ಬೀರಲು ನಾವು ಹನ್ನೊಂದು ಮಂದಿ ಬರುತ್ತೇವೆ. ಅತ್ತಿಗೆಗೆ ಇಷ್ಟವೆಂದು ಸಕ್ಕರೆ ಅಚ್ಚು ಹೆಚ್ಚೇ ಮಾಡಿದ್ದೇನೆ.

(ನಾಲ್ಕು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಾನಂತೂ ನಗು ತಡೆದುಕೊಂಡಿದ್ದೆ.)

ವೀಣಾ: ಅತ್ತೆ, ಆಸ್ಪತ್ರೆಯವರು ಮಾಸ್ಕ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ನಮ್ಮ ಹಜಾರದಲ್ಲಿ ಹನ್ನೊಂದು ಮಂದಿಯೂ ಮಾಸ್ಕ್ ಇಳಿಸಿ ಎಳ್ಳು ಬಾಯಿಗೆ ಹಾಕಿಕೊಳ್ಳುವಿರಿ.

ಚಿಕ್ಕಪ್ಪ: ನಾವು ಹೊರಗಿನವರೇನು?

ಅತ್ತೆ (ವೀಣಾಳ ಅಮ್ಮ): ತಮ್ಮಾ, ಗಂಟು ನನ್ನ ಕೈಗೆ ಸಿಕ್ಕಿದ್ದು ಕಳೆದ ಮೇ ತಿಂಗಳಲ್ಲಿ. ಎರಡನೆಯ ಅಲೆ ಇಳಿಯಲಿ ಎಂದು ಸೆಪ್ಟೆಂಬರ್‌ವರೆಗೆ ಸುಮ್ಮನಿದ್ದೆ. ಸೋಮವಾರ ಹೋಗುತ್ತೇನೆ.

ಚಿಕ್ಕಪ್ಪ: ಆಗಲೇ ನನಗೊಂದು ಮಾತು ಹೇಳಬಾರದಿತ್ತೇ ಅಕ್ಕ?

ಅತ್ತೆ: ನೀನೇ ಆಗ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದೆ.

ಚಿಕ್ಕಮ್ಮ: ಹಾಗಾದರೆ ಎಳ್ಳಿನ ಡಬ್ಬಿ, ಕಬ್ಬು ಗೇಟಿನ ಬಳಿ ಇಟ್ಟು ಹೋಗೋಣವೇ?

ವೀಣಾ: ಕಬ್ಬು ಬೇಡ ಅತ್ತೆ, ಅಮ್ಮನ ಬಾಯಲ್ಲಿ ಹುಣ್ಣಾಗಿದೆ. ಸಕ್ಕರೆ ಅಚ್ಚು ಇಡಿ.